ಖಾರದ ಶ್ಯಾವಿಗೆ ಪಾಯಸ

ಇದನ್ನು ಬರೆಯಬೇಕೆಂದು ನಾನು ಕೂತದ್ದು ಇದೇ ಮೊದಲಲ್ಲ. ಹೋದ ಬೇಸಿಗೆಯಲ್ಲಿ ಕೂತೆ, ಕರೆಂಟು ಹೋಯಿತೆಂದು ಎದ್ದೆ. ಶ್ರಾವಣದಲ್ಲಿ ಕೂತೆ, ಕನ್ನಡಕ ಸಿಗಲಿಲ್ಲವೆಂದು ಎದ್ದೆ. ಅದು ಮೂಗಿನ ಮೇಲೆಯೇ ಇತ್ತು. ಇವತ್ತು ಏಳುವಂತಿಲ್ಲ. ಎದುರಿಗೆ ಖಾಲಿ ಬಟ್ಟಲಿದೆ, ಅದರ ವಾಸನೆ ಇನ್ನೂ ಕೈ ಬಿಟ್ಟಿಲ್ಲ.

ಬಟ್ಟಲಲ್ಲಿದ್ದದ್ದು ನೂಡಲ್ಸ್. ಸಾದಾ ಅಲ್ಲ, ಪ್ರೀಮಿಯಂ. ಹಾಗೆಂದು ಪಾಕೀಟಿನ ಮೇಲೆ ಬಂಗಾರದ ಬಣ್ಣದಲ್ಲಿ ಬರೆದಿದೆ. ಯಾದಗಿರಿ ಸ್ಟೇಷನ್ ರಸ್ತೆಯ ಹೊಸ ಅಂಗಡಿಯಿಂದ ನನ್ನ ಸೊಸೆ ಎರಡು ತಂದಿಟ್ಟಿದ್ದಳು. ಅವಳು ಶಾಲೆಯ ಟೀಚರು. ನನಗೆ ನಾಲ್ಕಕ್ಕೆ ಹಸಿವು, ಅವಳು ಬರುವುದು ಐದೂವರೆಗೆ.

"ಮಾವಾರ, ಹಸುವಾದ್ರ ಇದನ್ನ ಮಾಡ್ಕೊಳ್ರಿ. ಹಿಂದ ಬರದಾರ, ಓದಿ ಮಾಡ್ರಿ. ನಿಮ್ಮ ಅಂದಾಜು ಬ್ಯಾಡ" ಎಂದು ಹೇಳಿ ಹೋದಳು.

ಒಡೆದರೆ ಒಳಗೆ ಮತ್ತೆ ಮೂರು ಪುಟ್ಟ ಪಾಕೀಟು. ಒಂದರಲ್ಲಿ ಎಣ್ಣೆ, ಒಂದರಲ್ಲಿ ಒಣಗಿಸಿದ ಗಜ್ಜರಿ, ಬಟಾಣಿ, ಇನ್ನೊಂದರಲ್ಲಿ ಮಸಾಲೆ. ಮಸಾಲೆಯದನ್ನು ಕತ್ತರಿಸಿದೆ. ಆ ವಾಸನೆ ಬಂತು ನೋಡಿ, ಒಲೆಯ ಮೇಲೆ ನೀರು ಕುದಿಯುತ್ತಲೇ ಇತ್ತು, ನಾನು ಮಾತ್ರ ನಲವತ್ತು ವರ್ಷದ ಹಿಂದಿನ ಶಹಾಪುರದ ಮನೆಯಲ್ಲಿ ನಿಂತಿದ್ದೆ.

ಆಗ ನಾನು ಹೈದರಾಬಾದಿಗೆ ಹೋಗುವ ಬಸ್ಸಿನ ಕಂಡಕ್ಟರ್. ಮನೆಯಲ್ಲಿ ಅಣ್ಣ, ಅತ್ತಿಗೆ, ನಾನು. ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಇಂಗ್ಲಿಷಿಗೆ ಎರಡು ಸಲ ಕೂತು ಪಾಸಾದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಅತ್ತಿಗೆಗೆ ಓದು ಬರುತ್ತಿರಲಿಲ್ಲ. ಆದರೆ ಅವರ ಕೈಯ ಶ್ಯಾವಿಗೆಯನ್ನು ನೀವು ನೋಡಬೇಕಿತ್ತು. ಮದುವೆ ಇದ್ದ ಮನೆಗಳಲ್ಲಿ ಬೇಸಿಗೆಗೆ ಓಣಿಯ ಹೆಂಗಸರೆಲ್ಲ ಸೇರಿ ಶ್ಯಾವಿಗೆ ಹೊಸೆಯುತ್ತಾರೆ. ಒಬ್ಬಳು ಮಣೆಯ ಮೇಲೆ ಕೂತು ಕಣಕವನ್ನು ಅಂಗೈಯಲ್ಲಿ ಉಜ್ಜುತ್ತ ಎಳೆ ಇಳಿಸುವುದು, ಇನ್ನೊಬ್ಬಳು ಅದನ್ನು ಹಿಡಿದು ಕೋಲಿನ ಮೇಲೆ ಹರವುವುದು. ನಮ್ಮ ಅತ್ತಿಗೆ ಬರುವ ತನಕ ಆ ಮಣೆಯ ಮೇಲೆ ಯಾರೂ ಕೂಡುತ್ತಿರಲಿಲ್ಲ. ಅವರ ಎಳೆ ಸೂಜಿಯ ಕಣ್ಣಿನಲ್ಲಿ ಹೋಗುತ್ತದೆ ಎನ್ನುತ್ತಿದ್ದರು. ಯಾರೂ ಪೋಣಿಸಿ ನೋಡಿರಲಿಕ್ಕಿಲ್ಲ, ಆದರೆ ಯಾರೂ ಅನುಮಾನಪಟ್ಟದ್ದೂ ಇಲ್ಲ.

ನನಗೆ ಗುರುಮಠಕಲ್ಲಿನ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ಬೀಗರು ಮೊದಲ ಸಲ ಮನೆಗೆ ಬರುವವರಿದ್ದರು. ನಾನು ಹೈದರಾಬಾದಿನಿಂದ ನಾಲ್ಕು ನೂಡಲ್ಸ್ ಪಾಕೀಟು ತಂದೆ. ನಮ್ಮ ಓಣಿ ಅದನ್ನು ಕಂಡಿರಲಿಲ್ಲ. ನಾನೂ ಅಂಗಡಿಯ ಗಾಜಿನಾಚೆಗಷ್ಟೇ ಕಂಡಿದ್ದೆ.

"ಅತ್ತಿಗಿ, ಇದು ಪ್ಯಾಟಿ ಶ್ಯಾವಿಗಿ. ಬೀಗರಿಗಿ ಇದರದ ಪಾಯಸ ಮಾಡ್ರಿ."

"ಏನಪಾ ಇದು, ಗುಂಗುರುಗೂದಲದಂಗ ಐತಿ. ಮ್ಯಾಲ ಏನ್ ಬರದಾರ, ಓದಿ ಹೇಳು."

ತಿರುಗಿಸಿ ನೋಡಿದೆ. ಇರುವೆ ಸಾಲಿನಂಥ ಇಂಗ್ಲಿಷು. ಓದಿದವನು ಗೊತ್ತಿಲ್ಲ ಎನ್ನುವುದು ಹೇಗೆ. "ಹಾಲು, ಬೆಲ್ಲ, ತುಪ್ಪ ಹಾಕ್ರಿ ಅಂತ ಬರದಾರ" ಎಂದೆ.

"ಚಿತ್ರದಾಗ ಹಸರ ಕಾಳು ಅದಾವಲ್ಲ, ಏನವು?"

"ಪಿಸ್ತಾ."

"ಈ ಪುಡಿ? ಮೂಗಿಗಿ ಘಾಟು ಹೊಡಿಯಾಕತ್ತೈತಿ ನೋಡಪಾ."

"ಏಲಕ್ಕಿ ಅದು. ಹೈದರಾಬಾದ್ ಏಲಕ್ಕಿ ಹಂಗ ಇರತೈತಿ. ಕಂಪನಿಯವ್ರು ಹುಚ್ಚರೇನ್ರಿ? ಹಾಕ್ರಿ."

ಅವರು ಒಂದು ಗಳಿಗೆ ಚಮಚ ಹಿಡಿದು ನಿಂತರು. "ನೀ ಓದಿದಾಂವ, ನೀ ಹೇಳಿದ ಮ್ಯಾಲ ಆತು" ಎಂದು ಸುರಿದರು.

ನನ್ನ ಮಾವನಾಗುವವರು ಒಂದು ಚಮಚ ಬಾಯಿಗಿಟ್ಟು, ಮರ್ಯಾದೆಗೆಂದು ತೆಲುಗಿನಲ್ಲಿ "ಬಾಗುಂದಿ", ಚೆನ್ನಾಗಿದೆ, ಅಂದರು. ಆಮೇಲೆ ಒಂದು ತಂಬಿಗೆ ನೀರು ಕುಡಿದು, ಕಣ್ಣೊರೆಸಿಕೊಂಡು ಕೇಳಿದರು: "ಅಳಿಯಪ್ಪಾ, ಇದು ಪಾಯಸೋ, ಸಾರೋ?"

ಎಲ್ಲರೂ ನಕ್ಕರು. ಅಲ್ಲಿ ನಾನೂ ನಕ್ಕು, ನನ್ನದೇ ತಪ್ಪು ಎಂದಿದ್ದರೆ ಇವತ್ತು ಬರೆಯಲು ಏನೂ ಇರುತ್ತಿರಲಿಲ್ಲ. ನಾನು ಹೇಳಿದ್ದು ಇದು: "ಅತ್ತಿಗಿ ಮಾಡ್ಯಾಳ್ರಿ. ಆಕಿಗಿ ಓದಾಕ ಬರಂಗಿಲ್ಲ. ತಿಳೀದ ಮಸಾಲಿ ಸುರುವ್ಯಾಳ."

ಅತ್ತಿಗೆ ಅಡುಗೆಮನೆಯ ಹೊಸ್ತಿಲಲ್ಲಿದ್ದರು. ಓದಿ ಹೇಳಿದವನು ನೀನೇ ಅಲ್ಲವೇ ಎಂದು ಕೇಳಿದ್ದರೆ ನನ್ನ ಮಾನ ಅಲ್ಲೇ ಹೋಗುತ್ತಿತ್ತು. ಕೇಳಲಿಲ್ಲ. ನನ್ನನ್ನೊಮ್ಮೆ ನೋಡಿ, ಸೆರಗು ಎಳೆದುಕೊಂಡು ಒಳಗೆ ಹೋದರು. ಚುರುಮುರಿ ನೆನೆಸಿ, ಉಳ್ಳಾಗಡ್ಡಿ ಒಗ್ಗರಣೆ ಹಾಕಿ ಸುಸಲಾ ಮಾಡಿ ತಂದರು. ಬೀಗರು ಎರಡೆರಡು ತಟ್ಟೆ ತಿಂದರು. ಮದುವೆ ಸಾಂಗವಾಗಿ ಆಯಿತು.

ಆದರೆ ಅತ್ತಿಗೆಗೆ ಹೆಸರು ಬಿತ್ತು: ಖಾರದ ಶ್ಯಾವಿಗಿಯಾಕಿ. ನನ್ನ ಹೆಂಡತಿ ಇರುವ ತನಕ ಈ ಕಥೆ ಹೇಳಿ ನಗುತ್ತಿದ್ದಳು. ನಿಜ ಅವಳಿಗೂ ಗೊತ್ತಿರಲಿಲ್ಲ. ಮರು ಬೇಸಿಗೆ ಅತ್ತಿಗೆ ಮಣೆಯ ಮೇಲೆ ಕೂತಾಗ ಯಾರೋ "ಯಾರರೆ ಆಕಿ ಮಗ್ಗಲಕ ಕುಂದರ್ರೇ, ಕಣಕಕ್ಕ ಮಸಾಲಿ ಹಾಕ್ಯಾಳು" ಎಂದರಂತೆ. ಅತ್ತಿಗೆಯೂ ನಕ್ಕರಂತೆ. ಅದರ ಮುಂದಿನ ವರ್ಷ ತೋಳು ನೋಯುತ್ತದೆ ಎಂದು ಯಾರ ಮನೆಗೂ ಹೋಗಲಿಲ್ಲ. ನಮ್ಮ ಮನೆಯ ಮಣೆಯೂ ಅಟ್ಟ ಸೇರಿತು. ಅದೇ ತೋಳಿನಿಂದ ಅವರು ದಿನಾ ಇಪ್ಪತ್ತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಅದರಲ್ಲಿ ಆರು ನಾನೇ ತಿನ್ನುತ್ತಿದ್ದೆ.

ಅಣ್ಣ ಹೋದ ಮೇಲೆ ಅವರು ಸುರಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಹೇಳಿಬಿಡಬೇಕೆಂದು ಎಷ್ಟೋ ಸಲ ಹೋಗಿದ್ದೇನೆ. "ಆರಾಮ ಅದೀರೇನ್ರಿ ಅತ್ತಿಗಿ?" ಎನ್ನುತ್ತೇನೆ. "ಆರಾಮ ಅದೀನಪಾ. ಬಸ್ಸಿಗಿ ಹೊತ್ತಾತೇನು?" ಎನ್ನುತ್ತಾರೆ. ನಾನು ಎದ್ದು ಬರುತ್ತೇನೆ.

ಇವತ್ತು ಮಾತ್ರ ಪಾಕೀಟಿನ ಹಿಂದೆ ಬರೆದದ್ದನ್ನು ಎರಡು ಸಲ ಓದಿದೆ. ನಾಲ್ಕು ನಿಮಿಷ ಎಂದರೆ ನಾಲ್ಕು ನಿಮಿಷ. ಎಣ್ಣೆ ಕೊನೆಗೆ ಎಂದರೆ ಕೊನೆಗೆ. ರುಚಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಎಳೆ ಮಾತ್ರ ದಪ್ಪ. ಅತ್ತಿಗೆ ಕಂಡಿದ್ದರೆ ಇದೇನು ಹಗ್ಗವೇ ಎನ್ನುತ್ತಿದ್ದರು.

ಸೊಸೆ ಬಂದು ನೋಡಿ, "ಯಾಕ ಮಾವಾರ, ಕಣ್ಣಾಗ ನೀರು? ಖಾರ ಭಾಳ ಆತೇನ್ರಿ?" ಎಂದಳು. ಎಲ್ಲ ಹೇಳಿದೆ. ಕಥೆ ಪಿಸ್ತಾದ ಹತ್ತಿರ ಬಂದಾಗ ನಕ್ಕು ನಕ್ಕು ನೆಲಕ್ಕೆ ಕೂತಳು. ಹೊಸ್ತಿಲಿನ ಹತ್ತಿರ ಬಂದಾಗ ನಗು ನಿಂತಿತು.

"ಇದನ್ನ ಅವರಿಗಿ ಹೇಳೀರೇನ್ರಿ?"

"ಇಲ್ಲವಾ."

"ಮತ್ತ ನನಗ್ಯಾಕ ಹೇಳಾಕತ್ತೀರಿ?" ಎಂದು, ಉಳಿದ ಪಾಕೀಟನ್ನು ತಂದು ನನ್ನ ಚೀಲದಲ್ಲಿ ಹಾಕಿದಳು.

ನಾಳೆ ಸುರಪುರದ ಮೊದಲ ಬಸ್ಸಿಗೆ ಹೋಗುತ್ತೇನೆ. ಪಾಕೀಟಿನ ಬರಹವನ್ನು ಒಂದಕ್ಷರ ಬಿಡದೆ ಓದಿ ಹೇಳಬೇಕು, ಬಟಾಣಿಗೆ ಬಟಾಣಿ ಎಂದೇ. ಮುಂದಿನ ಮಾತಿಗೆ ಬಾಯಿ ಬಾರದಿದ್ದರೆ ಈ ಹಾಳೆಗಳನ್ನು ಅವರ ಮಗಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇನೆ. ನಾನು ಎದುರಿಗೇ ಕೂತಿರುತ್ತೇನೆ, ಬಸ್ಸು ಹೋದರೆ ಹೋಗಲಿ. ಅಣ್ಣನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಬರೆಯಲು ಅಡ್ಡಿಯಿಲ್ಲ ಅಂದುಕೊಂಡಿದ್ದೇನೆ. ಆ ಪಾಯಸ ಕೆಡಿಸಿದವನು ನಾನು. ಶಹಾಪುರದಲ್ಲಿ ಎಲ್ಲರಿಗಿಂತ ಸಣ್ಣ ಎಳೆಯ ಶ್ಯಾವಿಗೆ ಹೊಸೆಯುತ್ತಿದ್ದವರ ಹೆಸರು ನೀಲಮ್ಮ.