ಚೆನ್ನಕ್ಕ ಕೇಳಿದ ‘ವಿ’

ಕನ್ನಡ ಕಲಿಸುತ್ತಲೇ ತಲೆ ನರೆತ ನನ್ನನ್ನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಸುವ ತರಬೇತಿಗೆ ಅಟ್ಟಿದ್ದು ನಮ್ಮ ಶಾಲೆಯ ಆಡಳಿತ ಮಂಡಳಿ. ಇಂಗ್ಲಿಷ್ ಮಾಸ್ಟ್ರು ಬಿಟ್ಟುಹೋಗಿದ್ದರು, ನಾನು ಉಳಿದಿದ್ದೆ. ಅದಕ್ಕಿಂತ ದೊಡ್ಡ ಅರ್ಹತೆ ಅವರಿಗೆ ಬೇಕಿರಲಿಲ್ಲ. ಹಾಗಾಗಿ ಪುತ್ತೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ನಾಲ್ಕು ತಿಂಗಳ ಶನಿವಾರ, ಭಾನುವಾರಗಳನ್ನು ಮುಖ ಗಂಟು ಹಾಕಿಕೊಂಡು ಕಳೆದೆ. ಪಕ್ಕದ ಕುರ್ಚಿ ಫಸೀಲಾಳದು.

ಫಸೀಲಾ ಸುಳ್ಯದ ಕಡೆಯವಳು. ಗಂಡ ಶಿಹಾಬ್‌ನ ಜೊತೆ ಎಂಟು ವರ್ಷ ಶಾರ್ಜಾದಲ್ಲಿದ್ದಳು. ಇಂಗ್ಲಿಷ್ ಕಲಿತದ್ದು ಅಲ್ಲಿ, ಎದುರು ಮನೆಯ ಫಿಲಿಪೀನ್ಸ್ ಹೆಂಗಸಿನಿಂದ. ಆಕೆಗೆ ಇವಳ ಮನೆಮಾತು ಬ್ಯಾರಿ ಬಾರದು, ಇವಳಿಗೆ ಆಕೆಯ ಭಾಷೆ ಬಾರದು. ಒಂದು ಚಮಚ ಉಪ್ಪು ಕೇಳಬೇಕಿದ್ದರೂ ಇಂಗ್ಲಿಷೇ ಗತಿ. ಹಾಗೆ ಕಲಿತ ಭಾಷೆ ಗಟ್ಟಿ ನಿಲ್ಲುತ್ತದೆ. ಊರಿಗೆ ಬಂದ ಮೇಲೆ ಮನೆಯ ಜಗಲಿಯಲ್ಲಿ ಹತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದಳು. ಅವಳ ಹತ್ತಿರ ಕಲಿತವರು ದೊಡ್ಡ ದೊಡ್ಡ ಕಾಲೇಜು ಸೇರಿದರೂ ಇವಳು ‘ಟ್ಯೂಷನ್ ಟೀಚರ್’ ಆಗಿಯೇ ಉಳಿದಳು. ಈ ವರ್ಷ ಕಡಬದ ಶಾಲೆಯೊಂದು ಕರೆದು ಮಾತಾಡಿಸಿ, ಇಂಗ್ಲಿಷ್ ಒಳ್ಳೆಯದುಂಟು, ಜೂನಿನೊಳಗೆ ಸರ್ಟಿಫಿಕೇಟ್ ತಂದರೆ ಕೆಲಸ ನಿಮ್ಮದೇ ಎಂದಿತ್ತು. ಒಮ್ಮೆಯಾದರೂ ಹಾಜರಿ ಪುಸ್ತಕದಲ್ಲಿ ಟೀಚರ್ ಎಂದು ಸಹಿ ಹಾಕಬೇಕು ಮಾಸ್ಟ್ರೆ ಎಂದು ಅವಳು ನನ್ನೊಡನೆ ಹೇಳಿಕೊಂಡಿದ್ದಳು. ಹೇಳುವಾಗ ನಕ್ಕಳು, ಆದರೆ ಅದು ತಮಾಷೆಯಾಗಿರಲಿಲ್ಲ.

ನಮ್ಮ ತರಬೇತುದಾರ ಯತಿನ್ ಸರ್, ಆಲೆಟ್ಟಿಯವರು. ಮನೆಯಲ್ಲಿ ತುಳು ಮಾತಾಡುವ ಹುಡುಗ ಮೆಟ್ಟಿಲು ಹತ್ತಿ ಬಂದರೆ ಅಪ್ಪಟ ಇಂಗ್ಲಿಷ್. ಅವರ ನಿಯಮ ಒಂದೇ: ಪಾಠದಲ್ಲಿ ಊರಿನ ಭಾಷೆಯ ಒಂದು ಶಬ್ದವೂ ಬರಕೂಡದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮೂರಲ್ಲಿ ಮನೆಯಿಂದ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮಕ್ಕಳು ಮೂರು ಭಾಷೆ ಬದಲಿಸುತ್ತಾರೆ. ಅಂಥವರ ಎದುರು ಯಾವುದೂ ಗೊತ್ತಿಲ್ಲದವರಂತೆ ನಿಲ್ಲಬೇಕಂತೆ. ಆದರೆ ಹುಡುಗ ಕೆಟ್ಟವನಲ್ಲ, ನಂಬಿದ್ದನ್ನು ಪಾಲಿಸುತ್ತಿದ್ದ, ಅಷ್ಟೆ.

ಕೊನೆಯ ಪರೀಕ್ಷೆ ಎಂದರೆ ನಿಜವಾದ ಕಲಿಯುವವರ ಮುಂದೆ ಅರ್ಧ ಗಂಟೆ ಪಾಠ. ಅದಕ್ಕೆಂದು ಎಂಟು ಮಂದಿ ಹೆಂಗಸರನ್ನು ಸೇರಿಸಿದ್ದರು. ಅವರಲ್ಲಿ ಹಿರಿಯಳು ಚೆನ್ನಕ್ಕ, ಆಸ್ಪತ್ರೆಯೊಂದರ ಆಯಾ. ವಾರ್ಡಿನಲ್ಲಿ ಡಾಕ್ಟರು, ನರ್ಸುಗಳು ತನ್ನ ತಲೆಯ ಮೇಲಿಂದ ಆಡುವ ಮಾತು ಏನೆಂದು ತಿಳಿಯಬೇಕು ಎನ್ನುವುದೊಂದೇ ಅವಳ ಆಸೆ. ಮೊದಲ ಸಲದ ಪರೀಕ್ಷೆಯಲ್ಲಿ ಫಸೀಲಾ ಪ್ರಶ್ನೆ ಕೇಳಿದಾಗ ಈ ಚೆನ್ನಕ್ಕನ ಕಣ್ಣಲ್ಲಿ ನೀರು ಬಂತು. ಫಸೀಲಾ ಬಗ್ಗಿ, ತುಳುವಿನಲ್ಲಿ ಹೆದರಬೇಡಿ ಎಂದುಬಿಟ್ಟಳು. ಆ ಒಂದು ಮಾತಿಗೆ ಫೇಲು. ಇನ್ನೊಂದು ಅವಕಾಶ ಮೇ ತಿಂಗಳ ಕೊನೆಯ ಶನಿವಾರ, ಅದೇ ಕಡೆಯದು.

ಆ ದಿನದ ಪಾಠ ‘ವಿ’. ಫಸೀಲಾ ಚಿತ್ರ ತಂದಿದ್ದಳು, ಕೈ ಬಾಯಿ ಆಡಿಸಿ ಚೆನ್ನಾಗಿ ಕಲಿಸುತ್ತಿದ್ದಳು. ವಿ ಈಟ್, ವಿ ವರ್ಕ್. ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಯತಿನ್ ಸರ್ ಟಿಕ್ ಹಾಕುತ್ತಾ ಹೋದರು, ಪಕ್ಕದಲ್ಲಿ ಕೂತ ನಾನು ಗಡಿಯಾರ ನೋಡುತ್ತಿದ್ದೆ. ಇನ್ನು ಎಂಟು ನಿಮಿಷವಿದೆ ಎನ್ನುವಾಗ ಚೆನ್ನಕ್ಕ ಕೈ ಎತ್ತಿದಳು.

“ಟೀಚರ್ರೆ, ಈ ವಿ ಅಂದ್ರೆ ಯಾವುದು? ನಮವಾ, ಎಂಕುಲಾ?”

ತುಳು ಬಲ್ಲವರಿಗೆ ಈ ಪ್ರಶ್ನೆಯ ತೂಕ ಗೊತ್ತು. ತುಳುವಿನಲ್ಲಿ ‘ನಾವು’ ಎನ್ನಲು ಎರಡು ಮಾತುಂಟು. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ ‘ನಮ’, ಅವರನ್ನು ಹೊರಗಿಟ್ಟರೆ ‘ಎಂಕುಲು’. ಫಸೀಲಾ ಉತ್ತರಿಸುವ ಮೊದಲೇ ಚೆನ್ನಕ್ಕ ಕಾರಣವನ್ನೂ ಹೇಳಿದಳು.

“ನರ್ಸಮ್ಮ ದಿನಾ ವಿ ವಿಲ್ ಕ್ಲೀನ್ ಅಂತ ಹೇಳ್ತಾರೆ. ಆಮೇಲೆ ನೆಲ ಒರೆಸುದು ನಾನೊಬ್ಬಳೇ. ನಾನು ಅದರ ಒಳಗೆ ಉಂಟಾ, ಇಲ್ವಾ ಅಂತ ಗೊತ್ತಾಗುದು ಹೇಗೆ?”

ಹೆಂಗಸರು ನಕ್ಕರು, ಚೆನ್ನಕ್ಕ ನಗಲಿಲ್ಲ. ಕೇಳಿಸದವಳಂತೆ ಮುಂದಿನ ಚಿತ್ರ ಎತ್ತಿದ್ದರೆ ಫಸೀಲಾ ಪಾಸಾಗುತ್ತಿದ್ದಳು. ಎತ್ತು, ಮಾರಾಯ್ತಿ, ಎತ್ತು ಎಂದು ನಾನು ಮನಸ್ಸಿನಲ್ಲೇ ಗೋಗರೆದೆ. ಅವಳು ಯತಿನ್ ಸರ್ ಕಡೆ ಒಮ್ಮೆ ನೋಡಿದಳು. ಆಮೇಲೆ ಬೋರ್ಡಿಗೆ ತಿರುಗಿ ‘ನಮ’ ಎಂದು ಬರೆದಳು, ಕೆಳಗೆ ‘ಎಂಕುಲು’. ಎರಡರಿಂದಲೂ ಗೆರೆ ಎಳೆದು ಒಂದೇ ‘ವಿ’ಗೆ ಕೂಡಿಸಿದಳು. ಬಳಿಕ ಕೈಯಿಂದ ತನ್ನನ್ನೂ ಚೆನ್ನಕ್ಕನನ್ನೂ ಸೇರಿಸಿ ಗಾಳಿಯಲ್ಲಿ ದೊಡ್ಡ ಸುತ್ತು ಹಾಕಿ ‘ವಿ’ ಎಂದಳು. ಚೆನ್ನಕ್ಕನನ್ನು ಬಿಟ್ಟು ಸಣ್ಣ ಸುತ್ತು ಹಾಕಿ ಮತ್ತೆ ‘ವಿ’ ಎಂದಳು. ಶಬ್ದ ಒಂದೇ, ಸುತ್ತು ನೋಡಿಕೊಳ್ಳಬೇಕು. ಚೆನ್ನಕ್ಕ ಎರಡು ಸಲ ತಲೆಯಾಡಿಸಿದಳು. ಯತಿನ್ ಸರ್ ಪೆನ್ನು ಟಿಕ್ ಹಾಕುವುದನ್ನು ನಿಲ್ಲಿಸಿ ಏನೋ ಬರೆಯಿತು.

ಪಾಠ ಮುಗಿದ ಮೇಲೆ ಅವರು ಮುಂದೆ ಬಂದು, ತಲೆ ತಗ್ಗಿಸಿಕೊಂಡೇ ಹೇಳಿದರು.

“ಸಾರಿ ಮೇಡಂ. ವಿ ಕೆನಾಟ್ ಪಾಸ್ ದಿಸ್.”

ಫಸೀಲಾ ಚಿತ್ರಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅದನ್ನು ನಿಲ್ಲಿಸಿ ಕೇಳಿದಳು.

“ಯಾವ ವಿ, ಸರ್?”

ಯತಿನ್ ಸರ್ ತಲೆ ಎತ್ತಿದರು. ಹುಡುಗ ಪ್ರಾಮಾಣಿಕ, ಮೆಟ್ಟಿಲು ಹತ್ತಿದ ಮೇಲೆ ಮೊದಲ ಬಾರಿಗೆ ತುಳುವಿನಲ್ಲಿ ಹೇಳಿದರು: “ಎಂಕುಲು.”

ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದ ಚೆನ್ನಕ್ಕನಿಗೆ ಸರ್ ಆಡಿದ ಮಾತಿನಲ್ಲಿ ಸರಿಯಾಗಿ ಅರ್ಥವಾದದ್ದು ಅದೊಂದೇ ಶಬ್ದ. ಅವಳು ತಿರುಗಿ ಒಳಗೆ ಬಂದಳು. ಫಸೀಲಾಳ ಮುಖ ನೋಡಿದಳು, ಸರ್ ಕೈಯ ಕಾಗದ ನೋಡಿದಳು. ಆಮೇಲೆ ಬಲಗೈ ಎತ್ತಿ ಸುತ್ತು ಹಾಕತೊಡಗಿದಳು. ಅದರಲ್ಲಿ ಫಸೀಲಾ ಬಂದಳು, ಹೊರಡಲು ನಿಂತ ಏಳು ಮಂದಿ ಬಂದರು, ಮೂಲೆಯಲ್ಲಿದ್ದ ನಾನೂ ಬಂದೆ. ಕೈ ಅಲ್ಲಿ ಸ್ವಲ್ಪ ತಡೆಯಿತು. ಬಳಿಕ ಯತಿನ್ ಸರ್ ಹಿಂದಿನಿಂದ ಹಾಯಿಸಿ ಸುತ್ತನ್ನು ಮುಚ್ಚಿದಳು.

“ಸರ್, ವಿ ಅಂಡರ್‌ಸ್ಟ್ಯಾಂಡ್,” ಅಂದಳು.

ಯಾರೂ ಹೇಳಿಕೊಡದೆ ಅವಳು ಕಟ್ಟಿದ ಮೊದಲ ಇಂಗ್ಲಿಷ್ ವಾಕ್ಯ ಅದು. ಯತಿನ್ ಸರ್ ಕಾಗದವನ್ನು ಮೇಜಿನ ಮೇಲಿಟ್ಟು, ಬರೆದದ್ದಕ್ಕೆ ಗೀಟು ಹಾಕಿ, ಕೆಳಗೆ ಬೇರೆ ಬರೆದು ಸಹಿ ಮಾಡಿದರು. ಎರಡು ಶಬ್ದ ತುಳು ಬಳಸಿದ್ದಾರೆ, ಕಲಿಯುವವರಿಗೆ ವಿಷಯ ಮುಟ್ಟಿದೆ, ಉತ್ತೀರ್ಣ ಎಂದು.

ಫಸೀಲಾ ಈಗ ದಿನಾ ಬೆಳಿಗ್ಗೆ ಕಡಬದ ಬಸ್ಸು ಹಿಡಿಯುತ್ತಾಳೆ. ನಾನೂ ಪಾಸಾದೆ, ಒಂದು ಶಬ್ದವೂ ತಪ್ಪದೆ, ಯಾರೂ ಏನೂ ಕೇಳದೆ. ಕನ್ನಡದಲ್ಲೂ ‘ನಾವು’ ಒಂದೇ. ಮೂವತ್ತು ವರ್ಷ ಅದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಎದುರು ಕೂತ ಮಕ್ಕಳಲ್ಲಿ ಯಾರಾದರೂ ತಾನು ಅದರ ಒಳಗೋ ಹೊರಗೋ ಎಂದು ಯೋಚಿಸಿದ್ದರೋ ಏನೋ, ನಾನಂತೂ ಕೇಳಿರಲಿಲ್ಲ.