ರನ್‌ವೇ ಮೇಲೆ ಬಂದ ನಾಯಿಗಳು

ಉತ್ತರ ಧ್ರುವದ ಕಡೆಯ ಪುಟ್ಟ ಊರು ಇಕಾರ್ವಿಕ್‌ಗೆ ರಸ್ತೆಯಿಲ್ಲ. ಹಿಟ್ಟು, ಔಷಧಿ, ದಾದಿ, ಎಲ್ಲ ಬರುವುದು ಜಲ್ಲಿ ಹಾಸಿದ ಆ ಒಂದು ರನ್‌ವೇಯಿಂದಲೇ. ಅದರ ಹಿಮ ಗೋರುವುದು, ದೀಪ ಹೊತ್ತಿಸುವುದು, ನಾಯಿ ನರಿ ಸುಳಿಯದಂತೆ ಕಾಯುವುದು ನುತಾರಕನ ಕೆಲಸ. ಬೇಟೆಗೆ ಅವನಿಗೆ ಪುರುಸೊತ್ತಿಲ್ಲ. ಮನೆಗೆ ಸೀಲ್ ಮಾಂಸ ಬರುತ್ತಿದ್ದುದು ಅಕ್ಕನ ಗಂಡ ಕಪಿಕನ ಕೈಯಿಂದ. ಊರಲ್ಲಿ ಇನ್ನೂ ನಾಯಿಬಂಡಿ ಹೂಡುತ್ತಿದ್ದವನು ಅವನೊಬ್ಬನೇ. "ನನ್ ಗಾಡಿ ವರ್ಷಕ್ಕೊಂದ್ಸಲ ಮರಿ ಹಾಕತ್ತೆ ಕಣೋ, ನಿಂದು ಹಾಕತ್ತಾ?" ಎಂದು ನುತಾರಕನ ಮೋಟಾರು ಹಿಮಗಾಡಿಯನ್ನು ಕಿಚಾಯಿಸುತ್ತಿದ್ದ.

ಆ ಮಾರ್ಚಿನಲ್ಲಿ ಅಕ್ಕ ಉವಿಲು ತುಂಬು ಬಸುರಿ. ಒಂದು ಮಧ್ಯಾಹ್ನ ರಕ್ತ ಹೋಗತೊಡಗಿತು. ದಾದಿ ದಕ್ಷಿಣದಿಂದ ವಿಮಾನ ಕರೆಸಿದಳು. ಹಿಮಗಾಳಿ ಎದ್ದಿತ್ತು. ನುತಾರಕ್ ಮುಂದೆ ಗೋರುತ್ತ ಹೋದಂತೆ ಹಿಂದೆ ಮತ್ತೆ ಹಿಮ ಕೂರುತ್ತಿತ್ತು. ವಿಮಾನ ಕೆಳಗೆ ಬಂದು, ನೆಲ ಕಾಣದೆ ಮೇಲೆದ್ದು ಹೋಯಿತು.

"ಇನ್ನೊಂದೇ ಸಲ ನೋಡ್ತೀನಿ," ಎಂದ ಪೈಲಟ್ ರೇಡಿಯೋದಲ್ಲಿ. "ಆಗ್ಲಿಲ್ಲ ಅಂದ್ರೆ ವಾಪಸ್ ಹೋಗೋಕಷ್ಟೇ ಎಣ್ಣೆ ಇರೋದು."

ಆಗ ಬಂದವು ನಾಯಿಗಳು. ಬೇಟೆಯಿಂದ ಆಗಷ್ಟೇ ಮರಳಿದ್ದ ಕಪಿಕ್, ಗಾಬರಿಯಲ್ಲಿ ಅವನ್ನು ಕಟ್ಟದೆಯೇ ಹೆಂಡತಿಯನ್ನು ರನ್‌ವೇಗೆ ಕರೆತರುತ್ತಿದ್ದ ವ್ಯಾನು ಹತ್ತಿದ್ದ. ಅವು ಯಜಮಾನನ ಜಾಡು ಹಿಡಿದು ಬಂದು ರನ್‌ವೇ ನಡುವೆ ಹರಡಿದವು. ನುತಾರಕ್ ಹಾರ್ನ್ ಒತ್ತಿದ, ಗಾಳಿಗೆ ಗುಂಡು ಹಾರಿಸಿದ. ಬೇಟೆಗೆ ಪಳಗಿದ ನಾಯಿಗಳು. ಗುಂಡಿನ ಸದ್ದು ಕೇಳಿ, ಮಾಂಸ ಸಿಗುತ್ತದೆಂದು ಬಾಲ ಅಲ್ಲಾಡಿಸಿದವು.

"ರನ್‌ವೇ ಖಾಲಿನಾ, ನುತಾರಕ್?" ರೇಡಿಯೋದಲ್ಲಿ ಪೈಲಟ್ ಕೇಳಿದ.

ಕಪಿಕ್ ವ್ಯಾನಿನಿಂದ ಜಿಗಿದು ಓಡಿಬರುತ್ತಿದ್ದ. "ಹೊಡೀಬೇಡ್ವೋ! ನಾನ್ ಕರೀತೀನಿ, ಬರ್ತವೆ!"

ಆ ಕೂಗು ಗಾಳಿಯಲ್ಲಿ ನಾಯಿಗಳಿಗೆ ಮುಟ್ಟಲಿಲ್ಲ. ನುತಾರಕ್ ಮುಂದಾಳು ಹೆಣ್ಣುನಾಯಿಗೆ ಮೊದಲು ಹೊಡೆದ, ಉಳಿದವು ಚದುರಲಿ ಎಂದು. ಚದುರಲಿಲ್ಲ, ಅದರ ಸುತ್ತ ನೆರೆದವು. ಎಲ್ಲವನ್ನೂ ಹೊಡೆಯಬೇಕಾಯಿತು. ಹಿಮ ಗೋರುವ ಅಲಗಿನಿಂದಲೇ ಅವನ್ನು ಬದಿಗೆ ತಳ್ಳಿ, "ಖಾಲಿ," ಎಂದ.

ವಿಮಾನ ಇಳಿಯಿತು, ಉವಿಲುಳನ್ನು ಹೊತ್ತು ಏರಿತು. ದಾರಿಯಲ್ಲೇ ಅವಳು ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ನುತಾರಕನ ಅಪ್ಪನ ಹರೆಯದಲ್ಲಿ ಬಿಳಿಯ ಪೊಲೀಸರು ಅವನ ನಾಯಿಗಳನ್ನೆಲ್ಲ ಕೊಂದು, ಬೇಟೆಯಾಡುತ್ತ ಅಲೆಯುತ್ತಿದ್ದ ಅವನನ್ನು ಈ ಊರಿಗೆ ಕಟ್ಟಿಹಾಕಿದ್ದರು. "ಅವತ್ತು ಅವ್ರು ಬರ್ಬೇಕಾಯ್ತು. ಈ ಸಲ ಅವ್ರಿಗೆ ಆ ತೊಂದ್ರೆನೂ ನೀನೇ ತಪ್ಪಿಸ್ಬಿಟ್ಟೆ," ಎಂದ ಮುದುಕ.

"ಅಪ್ಪಾ, ಅಕ್ಕನಿಗೋಸ್ಕರ..."

"ಅಕ್ಕ ಎಲ್ಲಿ?"

ಮಣ್ಣಾದ ಮೇಲೆ ನುತಾರಕ್ ಕಪಿಕನ ಮನೆಗೆ ಹೋದ. ಬೈಗಳಿಗೆ ಸಿದ್ಧನಾಗಿಯೇ ಹೋಗಿದ್ದ. ಕಪಿಕ್ ಚಹಾ ಬಗ್ಗಿಸಿಕೊಟ್ಟ.

"ನೀನ್ ಮಾಡಿದ್ದು ಸರಿನೇ ಕಣೋ. ನಾನಾಗಿದ್ರೂ ಹೊಡೀತಿದ್ದೆ. ಆದ್ರೆ ಇನ್ಮೇಲೆ ಈ ಮನೆಗೆ ಬರ್ಬೇಡ."

"ಆಯ್ತು ಭಾವ," ಎಂದು ನುತಾರಕ್ ಲೋಟ ಕೆಳಗಿಟ್ಟು ಎದ್ದ. ಸಣ್ಣ ಊರು. ರನ್‌ವೇಗೆ ಹೋಗುವ ದಾರಿ ಆ ಬಾಗಿಲ ಮುಂದೆಯೇ ಹಾಯುತ್ತದೆ. ದಿನವೂ ಅದನ್ನು ದಾಟಿ ಹೋಗುತ್ತಾನೆ.