ಜೋಪಾನಪ್ಪನವರ ಸೊನ್ನೆ

ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಉಳಿದಂತೆ ಇಪ್ಪತ್ತೆರಡು ಶಾಲೆಗಳ ಬಾಯಲ್ಲೂ ಅವರು ಜೋಪಾನಪ್ಪನವರೇ. ಮೆಟ್ಟಿಲು ಇಳಿಯುವವರನ್ನು ಕಂಡರೆ ಜೋಪಾನ, ಬಿಸಿ ಪಾತ್ರೆ ಹಿಡಿದವರನ್ನು ಕಂಡರೆ ಜೋಪಾನ, ತಮ್ಮ ಪಾಡಿಗೆ ಕೂತು ಪೆನ್ಸಿಲ್ ಚೂಪು ಮಾಡುವವರನ್ನು ಕಂಡರೂ ಜೋಪಾನ. ಮದುವೆಮನೆಯಲ್ಲಿ ಉಳಿದವರು ನೂರು ಕಾಲ ಬಾಳಿ ಎಂದು ಹರಸಿದರೆ, ಇವರು ವೇದಿಕೆಯ ಎಡಗಡೆ ಹಲಗೆ ಅಲ್ಲಾಡುತ್ತಿದೆ ಎಂದು ಹರಸಿ ಇಳಿಯುವ ಪೈಕಿ.

ಕೆಲಸಕ್ಕೆ ಸೇರಿದ್ದು ಶಾಲೆಗಳ ಬೆಂಚು ರಿಪೇರಿ ಮಾಡುವ ಬಡಗಿಯಾಗಿ. ಎಡಗೈ ಕಿರುಬೆರಳಿನ ತುದಿ ಗರಗಸಕ್ಕೆ ಹೋದ ಮೇಲೆ ಇಲಾಖೆಯವರು, ಇವರಿಗೆ ಅನುಭವವಿದೆ ಎಂದು, ನೌಕರರ ಸುರಕ್ಷತಾ ಮೇಲ್ವಿಚಾರಕರನ್ನಾಗಿ ಮಾಡಿದರು. ಮಕ್ಕಳನ್ನು ನೋಡಿಕೊಳ್ಳಲು ಬೇಕಾದಷ್ಟು ಜನರಿದ್ದರು. ಅಡುಗೆಯವರು, ಬಸ್ಸಿನ ಡ್ರೈವರುಗಳು, ಗುಮಾಸ್ತರು, ಗುಡಿಸುವವರು, ಮೇಷ್ಟ್ರುಗಳು, ಇವರನ್ನು ನೋಡಿಕೊಳ್ಳಲು ಇದ್ದವರು ಇವರೊಬ್ಬರೇ. ಮದುವೆಯೂ ಆ ಕೆಲಸದಿಂದಲೇ ಆಯಿತೆನ್ನಿ. ಪುಟ್ಟ ಮಕ್ಕಳ ತರಗತಿಯ ಟೀಚರಮ್ಮನ ಕುರ್ಚಿ ಅಲ್ಲಾಡುತ್ತದೆ ಎಂದು ಒಂದೇ ವಾರದಲ್ಲಿ ಮೂರು ಸಲ ನೋಡಲು ಹೋದರು. ನಾಲ್ಕನೇ ಸಲ ಟೀಚರಮ್ಮನ ಅಣ್ಣನೇ ಬಂದು, ಕುರ್ಚಿ ವಿಚಾರ ಹಾಗಿರಲಿ, ನಿಮ್ಮ ವಿಚಾರವೇನು ಎಂದು ಕೇಳಬೇಕಾಯಿತು.

ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಭಾಷಣ ಇತ್ತಲ್ಲ, ಅದು ಮಾತ್ರ ಶತ್ರುವಿಗೂ ಬೇಡ.

ಪದ್ಧತಿ ಹೀಗೆ. ಯಾವ ಶಾಲೆಯಲ್ಲಿ ಯಾರಿಗೇ ಪೆಟ್ಟಾದರೂ, ಅದನ್ನು ದಾಖಲೆ ಪುಸ್ತಕದಲ್ಲಿ ಬರೆಸಿದ ದಿನವೇ, ಕೊನೆಯ ಗಂಟೆ ಹೊಡೆದ ಮೇಲೆ, ಅಲ್ಲಿನ ನೌಕರರೆಲ್ಲ ಸಭಾಂಗಣದಲ್ಲಿ ಕೂರಬೇಕು. ಜೋಪಾನಪ್ಪನವರು ಬೆನ್ನುಮೂಳೆಯ ದೊಡ್ಡ ಚಿತ್ರ ನೇತುಹಾಕಿ ಒಂದೂವರೆ ಗಂಟೆ ಮಾತಾಡುವರು. ಆಮೇಲೆ ಒಬ್ಬೊಬ್ಬರೂ ಮುಂದೆ ಬಂದು, ಬೆನ್ನು ನೆಟ್ಟಗಿಟ್ಟು ಮಂಡಿ ಬಗ್ಗಿಸಿ, ಒಂದು ಖಾಲಿ ಪೆಟ್ಟಿಗೆ ಎತ್ತಿ ತೋರಿಸಬೇಕು. ಸರಿಬರಲಿಲ್ಲವೋ, ಮತ್ತೆ ಸಾಲಿನ ಕೊನೆಗೆ. ಐದು ವರ್ಷದ ಹಿಂದೆ ಒಬ್ಬ ಗುಮಾಸ್ತ ಸ್ಟೇಪ್ಲರಿನಿಂದ ತನ್ನ ಹೆಬ್ಬೆರಳಿಗೇ ಪಿನ್ನು ಹೊಡೆದುಕೊಂಡು, ಪಾಪ, ಪ್ರಾಮಾಣಿಕವಾಗಿ ಬರೆಸಿದ. ನಲವತ್ತು ಮಂದಿ ದೀಪ ಹಚ್ಚುವ ಹೊತ್ತಿನವರೆಗೆ ಖಾಲಿ ಪೆಟ್ಟಿಗೆ ಎತ್ತಿದರು. ದಪ್ಪ ಡ್ರೈವರಣ್ಣ ಬಗ್ಗಿಸಿದ ಮಂಡಿಯಿಂದ ಏಳಲಾಗದೆ, ಅವನನ್ನೇ ಇಬ್ಬರು ಸೇರಿ ಎತ್ತಬೇಕಾಯಿತು. ಆ ಗುಮಾಸ್ತನ ಜೊತೆ ಒಂದು ತಿಂಗಳು ಯಾರೂ ಮಾತಾಡಲಿಲ್ಲ.

ಅಲ್ಲಿಂದಾಚೆಗೆ ಇಪ್ಪತ್ತೆರಡು ಶಾಲೆಗಳ ದಾಖಲೆ ಪುಸ್ತಕದಲ್ಲಿ ಒಂದಕ್ಷರ ಬಿದ್ದಿದ್ದರೆ ಕೇಳಿ. ಜನ ಬೀಳುವುದನ್ನೇ ಬಿಟ್ಟರು ಅಂದುಕೊಂಡಿರಾ? ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನು ಕಲಿತರು, ಅಷ್ಟೆ. ಮೊಣಕೈವರೆಗೆ ಸುಟ್ಟುಕೊಂಡ ಅಡುಗೆಯಕ್ಕ ಸುಡುಬೇಸಿಗೆಯಲ್ಲೂ ತುಂಬುತೋಳಿನ ಸ್ವೆಟರು ಹಾಕಿಕೊಂಡು ಚಳಿ ಎಂದಳು. ಕೂಗಿ ಕೂಗಿ ಗಂಟಲು ಹೋದ ಸಂಗೀತದ ಮೇಷ್ಟ್ರು, ಇವರ ತಲೆ ಕಿಟಕಿಯಲ್ಲಿ ಕಂಡೊಡನೆ ತಾಳ ಹಾಕುತ್ತ ಬರೀ ತುಟಿ ಆಡಿಸಿದರು. ಒದ್ದೆ ನೆಲದಲ್ಲಿ ಜಾರಿ ಕುಕ್ಕರಿಸಿದ ಗುಡಿಸುವ ಚಿಕ್ಕಮ್ಮ, ಕೂತಲ್ಲೇ ನೆಲ ದಿಟ್ಟಿಸಿ, ಕಲೆ ಹುಡುಕುತ್ತಿದ್ದೇನೆ ಎಂದಳು. ಕಾಲು ಉಳುಕಿದ ಆಟದ ಮೇಷ್ಟ್ರು ಇದು ಹೊಸ ವ್ಯಾಯಾಮ ಎಂದರು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ನೋಡಿ. ಜೋಪಾನಪ್ಪನವರಿಗೆ ಎಷ್ಟು ಮೆಚ್ಚುಗೆಯಾಯಿತೆಂದರೆ, ಅವರ ಹಿಂದೆ ತಾವೂ ಮೈದಾನಕ್ಕೆ ಒಂದು ಸುತ್ತು ಕುಂಟಿಕೊಂಡು ಬಂದರು.

ಒಂದೇ ಒಂದು ಕೊರಗಿತ್ತು. ಗೋಡೆಗೆ ಚಾರ್ಟು ಅಂಟಿಸಲು ಟೀಚರುಗಳು ಬೆಂಚಿನ ಮೇಲೆ ಮಕ್ಕಳ ಕುರ್ಚಿ ಇಟ್ಟು ಹತ್ತುವುದನ್ನು ಕಂಡರೆ ಇವರು ಓಡಿಹೋಗಿ ಕುರ್ಚಿಯ ಕಾಲು ಹಿಡಿದುಕೊಂಡು ನಿಲ್ಲುತ್ತಿದ್ದರು. ಶಾಲೆಗೊಂದು ಏಣಿ ಕೊಡಿ ಎಂದು ವರ್ಷ ವರ್ಷ ಬರೆದರು. ಯಾರೂ ಬಿದ್ದಿಲ್ಲವಾದ್ದರಿಂದ ಏಣಿ ಬೇಕಿಲ್ಲ ಎಂದು ವರ್ಷ ವರ್ಷ ಉತ್ತರ ಬಂತು. ಅದರ ಬದಲು ಈ ಸಲ ಬೇರೊಂದು ಬರುವುದಿತ್ತು. ಐದು ವರ್ಷ ಸತತ ಸೊನ್ನೆ ಅಪಘಾತ ತೋರಿಸಿದವರಿಗೆ ಇಲಾಖೆಯ ದೊಡ್ಡ ಶೀಲ್ಡು. ನಿವೃತ್ತಿಗೆ ಇನ್ನು ಎರಡೇ ತಿಂಗಳು, ಶೀಲ್ಡಿನ ಮೇಲೆ ಹೆಸರೂ ಕೆತ್ತಿಸಿ ಆಗಿದೆ, ಗುರುವಾರ ಲೆಕ್ಕ ಒಪ್ಪಿಸಿದರೆ ಮುಗಿಯಿತು. ಆಯುಷ್ಯದಲ್ಲಿ ಅವರಿಗೆ ಬಂದ ಬಹುಮಾನ ಅಲ್ಲಿಯವರೆಗೆ ಒಂದೇ: ಮೂರನೇ ತರಗತಿಯಲ್ಲಿ, ಬಾಯಲ್ಲಿ ಚಮಚ ಕಚ್ಚಿ ನಿಂಬೆಹಣ್ಣು ಇಟ್ಟುಕೊಂಡು ಓಡುವ ಪಂದ್ಯದಲ್ಲಿ. ಓಡಿದವರೆಲ್ಲ ಹಣ್ಣು ಬೀಳಿಸಿದ್ದರು, ಇವರು ನಡೆದಿದ್ದರು.

ಭಾನುವಾರ ಬೆಳಿಗ್ಗೆ ಅಡುಗೆಮನೆಗೆ ಹೋದವರು ಸಕ್ಕರೆ ಡಬ್ಬಿ ಎಡವಿದರು. ಡಬ್ಬಿ ಇರಬೇಕಾದದ್ದು ಮೇಲಿನ ಅಟ್ಟಣೆಯಲ್ಲಿ. ನೋಡಿದರೆ ಮೇಲಿನ ಡಬ್ಬಿಗಳೆಲ್ಲ ನೆಲದ ಮೇಲೆ ಸಾಲಾಗಿ ಕೂತಿವೆ. ಒಳಗಡೆ ಟೀಚರಮ್ಮ ಕೈಯನ್ನು ತಲೆಗೆ ಒಯ್ಯುವ ಬದಲು ತಲೆಯನ್ನೇ ಕೈಗೆ ತಂದು, ಮೇಜಿನ ಮೇಲೆ ಬಗ್ಗಿ ಕೂದಲು ಬಾಚಿಕೊಳ್ಳುತ್ತಿದ್ದರು. ಜೋಪಾನಪ್ಪನವರು ಹತ್ತಿರ ಹೋದರು. ಕೈ ಎತ್ತು ನೋಡೋಣ ಎಂದರು. ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು, ಅಲ್ಲಿಂದ ಒಂದು ಬೆರಳೂ ಮೇಲೇಳಲಿಲ್ಲ.

ಆಗಿದ್ದೇನೆಂದರೆ, ಮೂರು ವಾರದ ಹಿಂದೆ ಟೀಚರಮ್ಮ ಬೆಂಚಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ತಾವು ನಿಂತು ಚಾರ್ಟು ಅಂಟಿಸುವಾಗ ದಬಕ್ಕನೆ ಬಿದ್ದಿದ್ದರು. ಇಡೀ ಶಾಲೆಗೆ ಗೊತ್ತಿತ್ತು. ಬರೆಸಿದರೆ ಇಲಾಖೆಯ ವೈದ್ಯರು, ರಜೆ, ಔಷಧಿ ಎಲ್ಲ ಸಿಗುತ್ತಿತ್ತು. ಬರೆಸಿರಲಿಲ್ಲ.

"ನನಗಾದ್ರೂ ಹೇಳಬಾರದಿತ್ತಾ?" ಎಂದರು ಜೋಪಾನಪ್ಪನವರು.

"ಹೇಳಿದ್ರೆ ನೀವು ಬರೆಸದೆ ಬಿಡ್ತಿದ್ರಾ? ನಿಮ್ಮ ಶೀಲ್ಡು ಹೋಗ್ತಿತ್ತು," ಎಂದರು ಟೀಚರಮ್ಮ. ಸ್ವಲ್ಪ ತಡೆದು, ಹೇಳಬೇಕಾದ್ದನ್ನೂ ಹೇಳಿಬಿಟ್ಟರು. "ಅದೂ ಅಲ್ದೆ, ಬೇಜಾರು ಮಾಡ್ಕೋಬೇಡಿ ರೀ, ನಿಮ್ಮ ಭಾಷಣಕ್ಕಿಂತ ಭುಜದ ನೋವೇ ವಾಸಿ ಅನ್ನಿಸ್ತು. ನನ್ನಿಂದಾಗಿ ಅಷ್ಟೂ ಜನ ಪೆಟ್ಟಿಗೆ ಎತ್ತಬೇಕಲ್ಲ."

ಜೋಪಾನಪ್ಪನವರು ಮುಖ ಊದಿಸಿಕೊಂಡು ಮಧ್ಯಾಹ್ನದವರೆಗೆ ಹೊರಗಡೆ ಜಗಲಿಯಲ್ಲಿ ಕೂತರು. ಊಟಕ್ಕೆ ಕರೆದರೂ ಬರಲಿಲ್ಲ. ಕೊನೆಗೆ ತಾವೇ ಒಳಗೆ ಬಂದು, ಬೇರೆಯವರೂ ಹೀಗೇ ಮುಚ್ಚಿಟ್ಟಿದ್ದಾರಾ ಎಂದು ಕೇಳಿದರು. ಟೀಚರಮ್ಮ ಸ್ವೆಟರಿನಿಂದ ಶುರುಮಾಡಿ ಕುಂಟಾಟದವರೆಗೆ ಹೇಳಿದರು. ತಾವೂ ಕುಂಟಿದ್ದು ನೆನಪಾಗಿ ಅವರಿಗೆ ಕಿವಿಯವರೆಗೆ ಬಿಸಿಯಾಯಿತು. ಸಿಟ್ಟು ಬಂತು, ನಾಚಿಕೆಯಾಯಿತು. ದೀಪದ ಬುಡದಲ್ಲೇ ಕತ್ತಲೆ ಎಂದು ಇಷ್ಟು ವರ್ಷ ಬೇರೆಯವರಿಗೆ ಹೇಳಿಕೊಂಡು ಬಂದಿದ್ದೆನಲ್ಲ ಎಂದು ತಮ್ಮ ತಲೆಯನ್ನು ತಾವೇ ಚಚ್ಚಿಕೊಂಡರು, ಅದೂ ಮೆಲ್ಲಗೆ.

ಸೋಮವಾರ ಹೆಂಡತಿಯ ಶಾಲೆಗೆ ಹೋಗಿ, ಇವತ್ತಿನಿಂದ ಭಾಷಣವಿಲ್ಲ, ಪೆಟ್ಟಿಗೆಯಿಲ್ಲ, ಬರೆಸುವುದೊಂದೇ ಎಂದು ಸಾರಿದರು. ಯಾರೂ ನಂಬಲಿಲ್ಲ. ಇದೇನೋ ಬಲೆ ಎಂದು ಡ್ರೈವರಣ್ಣ ಗೊಣಗಿದ. ಆಗ ಜೋಪಾನಪ್ಪನವರು ಬೆನ್ನುಮೂಳೆಯ ಚಿತ್ರವನ್ನು ಎಲ್ಲರೆದುರು ಹರಿದು ಪೆಟ್ಟಿಗೆಗೆ ತುಂಬಿ, ಕಸಕ್ಕೆ ಹಾಕು ಎಂದು ಗುಡಿಸುವ ಚಿಕ್ಕಮ್ಮನ ಕೈಗೆ ಕೊಟ್ಟರು. ಚಿಕ್ಕಮ್ಮ ಅದನ್ನು ತಪ್ಪಾಗಿ, ಸೊಂಟ ಬಗ್ಗಿಸಿಯೇ ಎತ್ತಿದಳು. ಇವರು ಕಣ್ಣು ಮುಚ್ಚಿಕೊಂಡರು, ಬಾಯಿ ತೆರೆಯಲಿಲ್ಲ. ಆಗ ಜನ ನಂಬಿದರು.

ನಂಬಿದ್ದೇ ತಡ, ಕಟ್ಟೆಯೊಡೆದಂತೆ ಬಂದರು. ಬರೆಸುವ ನಮೂನೆಯೋ, ಯಾವುದೋ ಕಾರ್ಖಾನೆಗೆಂದು ಮಾಡಿದ್ದು. ಐದು ವರ್ಷದ ಹುಡುಗನಿಂದ ಕಚ್ಚಿಸಿಕೊಂಡ ಶಾಲೆಯ ಆಯಾ, ಪೆಟ್ಟು ಮಾಡಿದ ಯಂತ್ರ ಯಾವುದು ಎಂಬಲ್ಲಿ ಹುಡುಗನ ತರಗತಿ ಬರೆಸಿದಳು. ಯಂತ್ರದ ಮುಚ್ಚಳ ಹಾಕಿತ್ತೇ ಎಂಬುದಕ್ಕೆ, ಇಲ್ಲ, ಬಾಯಿ ತೆರೆದೇ ಇತ್ತು. ಕೊನೆಯ ಸಲ ಎಣ್ಣೆ ಹಾಕಿದ್ದು ಯಾವಾಗ ಎಂಬುದಕ್ಕೆ, ಅವರಮ್ಮನನ್ನು ಕೇಳಬೇಕು. ಸುದ್ದಿ ಉಳಿದ ಶಾಲೆಗಳಿಗೂ ಹಬ್ಬಿ, ಬುಧವಾರ ಸಂಜೆಗೆ ಇಪ್ಪತ್ತೆರಡು ಶಾಲೆಗಳಿಂದ ನೂರ ನಲವತ್ತಮೂರು ಪೆಟ್ಟುಗಳು ಬರೆಯಲ್ಪಟ್ಟವು. ಮೊದಲನೆಯದು ಟೀಚರಮ್ಮನ ಭುಜ.

ಗುರುವಾರ ಮುಖ್ಯ ಕಚೇರಿಯ ಅಧಿಕಾರಿ ಮೇಡಂ ಲೆಕ್ಕ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಹೋದ ವಾರ ಸೊನ್ನೆ ಇದ್ದದ್ದು ಈ ವಾರ ನೂರ ನಲವತ್ತಮೂರು ಆಗಲು ಭೂಕಂಪ ಏನಾದರೂ ಆಯಿತೇ ಎಂದು ವಿಚಾರಿಸಿದರು. ಕೆಟ್ಟವರಲ್ಲ. ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ಒಂದು ದಾರಿ ಅವರೇ ತೋರಿಸಿದರು: ಈ ವರ್ಷಕ್ಕೆ ಸೊನ್ನೆಗೆ ಸಹಿ ಹಾಕಿ, ಶೀಲ್ಡು ತೊಗೊಂಡು ಹೋಗಿ, ಇವನ್ನೆಲ್ಲ ಮುಂದಿನ ವರ್ಷದ ಲೆಕ್ಕಕ್ಕೆ ಸೇರಿಸೋಣ. ಶೀಲ್ಡು ಅಲ್ಲೇ ಕಪಾಟಿನಲ್ಲಿತ್ತು. ಹೆಸರು ಹೊಳೆಯುತ್ತಿತ್ತು. ಜೋಪಾನಪ್ಪನವರಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು.

"ನನ್ನ ಹೆಂಡ್ತಿ ಈ ವರ್ಷ ಬಿದ್ದಿದಾಳೆ ಮೇಡಂ," ಎಂದರು. "ಮುಂದಿನ ವರ್ಷ ಇನ್ನೊಂದ್ಸಲ ಬೀಳು ಅಂತ ಹೆಂಗೆ ಹೇಳ್ಲಿ?"

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ಪುಟ ತಿರುವಿ, ಬೆಂಚು ಕುರ್ಚಿ ಹತ್ತಿ ಬಿದ್ದವರು ಎಷ್ಟು ಜನ ಎಂದು ಬೆರಳಿಟ್ಟು ಎಣಿಸಿದರು. ಮೂವತ್ತೊಂದು. ಇಪ್ಪತ್ತೆರಡು ಏಣಿಗೆ ಅಲ್ಲೇ ಸಹಿ ಬಿತ್ತು. ಶೀಲ್ಡಿನ ಮೇಲಿನ ಹೆಸರು ಉಜ್ಜಿ ತೆಗೆಸಿ, ಪಕ್ಕದ ಜಿಲ್ಲೆಯ ಮೇಲ್ವಿಚಾರಕರಿಗೆ ಕೊಟ್ಟರು. ಅಲ್ಲೂ ಐದು ವರ್ಷದಿಂದ ಸೊನ್ನೆಯಂತೆ. ಆತ ಅದನ್ನು ತೆಗೆದುಕೊಳ್ಳಲು ಕುಂಟುತ್ತ ವೇದಿಕೆ ಹತ್ತಿದ್ದನ್ನು ಜೋಪಾನಪ್ಪನವರು ಕಣ್ಣಾರೆ ಕಂಡರು.

ಟೀಚರಮ್ಮನ ಭುಜ ನೋಡಿದ ಇಲಾಖೆಯ ವೈದ್ಯರು, ಇನ್ನೊಂದು ತಿಂಗಳು ಬಿಟ್ಟಿದ್ದರೆ ಕೈ ಹಾಗೇ ಬಿಗಿದು ನಿಂತುಬಿಡುತ್ತಿತ್ತು ಎಂದು ಬೈದರು. ದಿನಾ ವ್ಯಾಯಾಮ ಮಾಡಿಸುವುದು ಗಂಡನ ಪಾಲಿಗೆ ಬಂತು. ಗೋಡೆಗೆ ಬೆರಳಿಟ್ಟು ಮೇಲೆ ಮೇಲೆ ಹತ್ತಿಸಬೇಕು. ಒಂದು ದಿನಕ್ಕೆ ಒಂದಿಂಚೂ ಇಲ್ಲ. ಟೀಚರಮ್ಮ ನೋವಿಗೆ ಕಣ್ಣೀರಿಡುವಾಗ ಇವರೂ ಜೊತೆಗೆ ಗೋಡೆಗೆ ಕೈಯಿಟ್ಟು ನಿಲ್ಲುತ್ತಿದ್ದರು. ಈ ಕೈ ಮೇಲೇಳದಿದ್ದರೆ ಅದಕ್ಕೆ ಕಾರಣ ನನ್ನ ಬಾಯಿ ಎನ್ನುವುದು ಅವರ ತಲೆಯಿಂದ ಹೋಗಲಿಲ್ಲ.

ಎರಡು ತಿಂಗಳಿಗೆ ಟೀಚರಮ್ಮನ ಶಾಲೆಯಲ್ಲೇ ಬೀಳ್ಕೊಡುಗೆ ಸಭೆ. ಹಾರ ಹಾಕಿ, ಒಂದೆರಡು ಮಾತಾಡಬೇಕು ಎಂದು ಮುಖ್ಯೋಪಾಧ್ಯಾಯರು ಬಾಯಿತಪ್ಪಿ ಕೇಳಿಬಿಟ್ಟರು. ಜೋಪಾನಪ್ಪನವರು ಎದ್ದು ನಿಂತರು. ಸಭೆ ಉಗುಳು ನುಂಗಿತು. ಡ್ರೈವರಣ್ಣ ಮೆಲ್ಲಗೆ ಬಾಗಿಲ ಹತ್ತಿರದ ಕುರ್ಚಿಗೆ ಜರುಗಿದ.

"ಬಿದ್ರೆ ಬರೆಸಿ," ಎಂದರು ಜೋಪಾನಪ್ಪನವರು. "ಬರ್ತೀನಿ." ಕೂತುಬಿಟ್ಟರು.

ಮುಗಿಯಿತೆಂದು ತಿಳಿಯಲು ಜನಕ್ಕೆ ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಹೊಡೆದ ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು. ಮೂರನೇ ಸಾಲಿನಲ್ಲಿ ಟೀಚರಮ್ಮ ಎದ್ದು ನಿಂತು, ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ತಟ್ಟುತ್ತಿದ್ದರು. ಬಲಗೈ ಎಡಗೈಯಷ್ಟೇ ಮೇಲೆ ಹೋಗಿತ್ತು. ಜೋಪಾನಪ್ಪನವರು ಅದನ್ನು ನೋಡಿ, ಅಷ್ಟು ಜನ ಇದ್ದಾರೆಂದೂ ನೋಡದೆ ಗಳಗಳನೆ ಅತ್ತುಬಿಟ್ಟರು.